ಅಣ್ಣನಿಗೆ ಹೇಳಿದ ಸಿನಿಮಾ

ಮಾರ್ಚ್ ೧೧, ಮಂಗಳವಾರ

ಬೆಳಿಗ್ಗೆ ಅಣ್ಣ ಅಂಗಡಿಯ ಶಟರ್ ಎಳೆಯುವ ರಾಡಿನಿಂದ ತಂಗಿ ಪ್ರೀತಿಸುವ ಹುಡುಗನ ಬೆರಳುಗಳನ್ನು ಜಜ್ಜಿಹಾಕಿದ. ಆ ಹುಡುಗ ದರ್ಜಿ. ಇನ್ನು ಸೂಜಿ ಹಿಡಿಯಲಾರ. ಕೈಯ ರಕ್ತ ತೊಳೆದುಕೊಂಡ ಅಣ್ಣ ಸಂಜೆ ಮನೆಗೆ ಬಂದು, ರಾಡನ್ನು ಬಾಗಿಲ ಮೂಲೆಗಿಟ್ಟು, ಏನೂ ಆಗಿಲ್ಲವೆಂಬಂತೆ ಕೇಳಿದ: "ಚೆನ್ನಾಗಿ ಅಳಿಸೋ ಲವ್ ಸ್ಟೋರಿ ಸಿನಿಮಾ ಒಂದು ಹೇಳೇ."

ಈ ಮನೆಯಲ್ಲಿ ಸಿನಿಮಾ ಆರಿಸುವವಳು ನಾನೇ. ಅಣ್ಣನೊಬ್ಬ ತಂಗಿಯ ಪ್ರಿಯಕರನನ್ನು ಕೊಲ್ಲುವ ಸಿನಿಮಾವನ್ನು ಬೇಕೆಂದೇ ಹಾಕಿದೆ. ಪ್ರಿಯಕರ ಸತ್ತಾಗ ನಮ್ಮಣ್ಣ ಬಿಕ್ಕಿಬಿಕ್ಕಿ ಅತ್ತ. "ಥೂ, ಇವನೂ ಒಬ್ಬ ಅಣ್ಣನಾ! ಇಂಥೋನ ಕೈ ಮುರೀಬೇಕು!"

ಬಾಗಿಲ ಮೂಲೆಯಲ್ಲಿದ್ದ ಅದೇ ರಾಡನ್ನು ತಂಗಿ ಎತ್ತಿಕೊಂಡು ಬಂದಳು. "ಅಕ್ಕಾ, ಅಣ್ಣನ ಕೈ ಹಿಡ್ಕೋ" ಅಂದಳು.

ಹಿಡಿದುಕೊಂಡೆ.