ಗೋಪುರದ ಮೇಲಿನ ಕನ್ನಡಿ

ಬೆಂಕಿ ಕಾಯಲು ಕಾಡು ಸೇರಿರುವ ನನ್ನ ಸೊಸೆ ಶ್ರುತಿಗೆ,

ಮನೆಯಲ್ಲಿ ಎಲ್ಲರೂ ಕ್ಷೇಮ. ನೀನು ಕ್ಷೇಮವೋ ಇಲ್ಲವೋ ತಿಳಿಯದೆ ಬರೆಯುತ್ತಿದ್ದೇನೆ. ನಿಮ್ಮ ಕ್ಯಾಂಪಿಗೆ ಅಕ್ಕಿ, ನೀರು ಸಾಗಿಸುವ ಜೀಪಿನ ಉಜೈರ್ ನಮ್ಮ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾನೆ. ಅವನ ಲೋಟ ಬರಿದಾಗುವಷ್ಟರಲ್ಲಿ ಕಾಗದ ಮುಗಿಯಬೇಕು.

ನಿನ್ನೆ ಸಂಜೆ ನಿನ್ನ ಕನ್ನಡಿ ಹೊಳೆಯಲಿಲ್ಲ.

ಶಿವರಾತ್ರಿ ಕಳೆದು ನೀನು ಹೊರಟ ದಿನ ಹೊಸಿಲ ಮೇಲೆ ನಿಂತು ಹೇಳಿದ್ದೆ: "ಅಲ್ಲಿ ಫೋನ್ ಸಿಗಲ್ಲ ಅತ್ತೆ. ದಿನಾ ಸಂಜೆ ಇಳಿಬಿಸಿಲಿಗೆ ಗೋಪುರದ ಮೇಲಿಂದ ಕನ್ನಡಿ ತೋರುಸ್ತೀನಿ. ಹೊಳುದ್ರೆ ಚೆನ್ನಾಗಿವ್ನಿ ಅಂತ." ನಾನು ಒಳಗೆ ಹೋಗಿಬಿಟ್ಟೆ. ಈ ಮನೆಯ ಸೊಸೆ ರಾಷ್ಟ್ರೀಯ ಉದ್ಯಾನದಲ್ಲಿ ಬೇಸಿಗೆಯುದ್ದಕ್ಕೂ ಕೂಲಿಗೆ ನಿಂತು ತರಗೆಲೆ ಗುಡಿಸುವುದು ನನಗೆ ಒಪ್ಪಿಗೆಯಿರಲಿಲ್ಲ. ಈಗಲೂ ಇಲ್ಲ. ಹಾಗೆಂದು ಬರೆಯಲು ನನಗೆ ಸಂಕೋಚವೂ ಇಲ್ಲ.

ಕಳೆದ ಭಾನುವಾರ ರಜೆಗೆ ಬಂದಾಗ ನಿನ್ನ ಹುಬ್ಬು ಅರ್ಧ ಸುಟ್ಟಿತ್ತು. ಕಾಲಿಗೆ ಗಂಡಸರ ಅಳತೆಯ ಬೂಟು, ಒಳಗೆ ಬಟ್ಟೆ ತುರುಕಿದ್ದೆ. ಮುದ್ದೆ ಮುರಿಯುತ್ತಾ ನೀನು ಅಲ್ಲಿಯ ದಿನಚರಿ ಹೇಳುತ್ತಿದ್ದರೆ ನಾನು ಬೆನ್ನು ಹಾಕಿ ಒಲೆ ಉರಿಸುತ್ತಿದ್ದೆ, ಆದರೆ ಒಂದು ಮಾತೂ ಬಿಡದೆ ಕೇಳಿಸಿಕೊಂಡೆ. ಬೆಳಗಾಗುತ್ತಲೇ ಬೆಂಕಿ ದಾಟದ ಹಾಗೆ ಗುಡ್ಡದುದ್ದಕ್ಕೂ ದಾರಿ ಬಿಡಿಸಿ ಎಲೆ ಗುಡಿಸುವುದು. ಬಿಸಿಲೇರಿದ ಮೇಲೆ ಗೋಪುರ ಹತ್ತಿ ಹೊಗೆ ಹುಡುಕುವುದು. ಕಂಡರೆ ವೈರ್‌ಲೆಸ್ಸಿನಲ್ಲಿ ಕೂಗಿ, ಹಸಿ ಸೊಪ್ಪು ಮುರಿದುಕೊಂಡು ಓಡಿ ಬಡಿಯುವುದು. ಆನೆ ಎದುರಾದರೆ ಏನು ಮಾಡುತ್ತೀರಿ ಅಂತ ನಿನ್ನ ಗಂಡ ಕೇಳಿದ್ದಕ್ಕೆ, "ಜೊತೇಲಿರೋ ಯಲ್ಲಮ್ಮಕ್ಕ ಹೇಳವ್ಳೆ, ಮೊದ್ಲು ಬೂಟ್ ಬುಟ್ಟು ಓಡು ಅಂತ" ಎಂದು ನೀನು ನಕ್ಕೆ. ಅವನೂ ನಕ್ಕ. ನನಗೆ ನಗು ಬರಲಿಲ್ಲ.

ಆಮೇಲೆ ನೀನು ಕೇಳಿದೆ: "ಅತ್ತೆ, ನನ್ನ ಕನ್ನಡಿ ಕಾಣ್ತದಾ?"

"ಗುಡ್ಡ ನೋಡ್ಕಂಡ್ ಕೂರಕ್ಕೆ ನಂಗೇನು ಬದುಕಿಲ್ವಾ?" ಅಂದೆ. ನೀನು ತಟ್ಟೆ ತೊಳೆಯಲು ಎದ್ದು ಹೋದೆ.

ಶ್ರುತಿ, ತಾರಸಿಯ ಮೇಲೆ ಒಣಹಾಕಿದ ಮೆಣಸಿನಕಾಯಿ ಒಣಗಿ ಎಷ್ಟೋ ದಿನವಾಯಿತು. ಮುಟ್ಟಿದರೆ ಪುಡಿಯಾಗುತ್ತಿತ್ತು. ಆದರೂ ದಿನಾ ಸಂಜೆ ಅದನ್ನು ಹರವುವ ನೆಪದಲ್ಲಿ ಮೇಲೆ ಹತ್ತುತ್ತಿದ್ದೆ. ಮೊದಲೆಲ್ಲ ಮೂರು ಸಲ ಹೊಳೆಯುತ್ತಿದ್ದದ್ದು ನೀನು ರಜೆ ಮುಗಿಸಿ ಕಾಡಿಗೆ ಹಿಂದಿರುಗಿದ ಮೇಲೆ ಒಂದೇ ಸಲ ಹೊಳೆಯಿತು. ಮೊನ್ನೆಯೂ ಒಂದೇ ಸಲ. ನಿನ್ನೆ ಗುಡ್ಡದ ಎಡಪಕ್ಕೆಯಲ್ಲಿ ಹೊಗೆ ಎದ್ದಿತ್ತು. ಕತ್ತಲಾಗುವವರೆಗೂ ಹೊಳಪೇ ಇಲ್ಲ. ಕಾರಣ ಆ ಬೆಂಕಿಯೋ, ನನ್ನ ಮಾತೋ? ನನ್ನ ಮಾತೇ ಆಗಿರಲಿ ತಾಯಿ ಕಬ್ಬಾಳಮ್ಮ ಅಂತ ಬೇಡಿಕೊಂಡೆ. ಜನ್ಮದಲ್ಲಿ ಹೀಗೆ ಬೇಡಿದ್ದಿಲ್ಲ.

ಆ ಹೊಗೆ ಕಂಡಾಗ ಮೊದಲು ಅನುಮಾನ ಬಂದದ್ದು ನನ್ನ ತಮ್ಮನ ಮೇಲೆ. ಕೆಂಪಯ್ಯ ನಿನಗೆ ಗೊತ್ತಿರುವವನೇ. ನೀನು ವಾಪಸು ಹೋದ ಮಾರನೆಯ ದಿನ ಬಂದು ಹೇಳಿದ್ದ: "ದನಕ್ಕೆ ಮೇವಿಲ್ಲ ಕಣಕ್ಕ. ಗುಡ್ಡದ ಹಳೇ ಹುಲ್ಲಿಗೆ ಒಂದ್ ಕಡ್ಡಿ ಗೀರಿ ಬತ್ತೀನಿ. ಒಂದ್ ಮಳೆ ಬಿದ್ರೆ ಚಿಗುರು ಬತ್ತದೆ, ಅಪ್ಪನ ಕಾಲದಿಂದ್ಲೂ ಮಾಡಿಲ್ವಾ?"

"ನನ್ ಸೊಸೆ ಅಲ್ಲವ್ಳೆ ಕಣ್ಲಾ."

"ಅವ್ಳಿರೋದು ಆ ಮಗ್ಗುಲು. ನಾನ್ ಹಚ್ಚೋದು ಈ ಮಗ್ಗುಲು."

"ಬೆಂಕಿಗೆ ಗಡಿ ಕಲ್ಲು ನೆಟ್ಟಿದ್ದೀಯೇನ್ಲಾ?"

ಬೈದರೆ ಬಗ್ಗುವವನಲ್ಲ ಅವನು, ನನ್ನ ಒಡಹುಟ್ಟಿದವನಲ್ಲವೇ. ಹಸಿದ ದನ ಕಣ್ಣೆದುರಿಗಿದ್ದರೆ ಕಡ್ಡಿ ಗೀರಿಯೇ ಗೀರುತ್ತಾನೆ. ಅದಕ್ಕೇ ಅವನ ದನಗಳನ್ನೆಲ್ಲ ನಮ್ಮ ಹಿತ್ತಲಿಗೆ ಹೊಡೆಸಿ, ಹಿಪ್ಪುನೇರಳೆ ಸೊಪ್ಪು ಕೊಯ್ಸಿ ಹಾಕಿಸುತ್ತಿದ್ದೇನೆ. ರೇಷ್ಮೆಗೆಂದು ಈ ಸಲ ತಂದು ಸಾಕಬೇಕಿದ್ದ ಚಾಕಿ ಮರಿಹುಳು ಬೇಡವೆಂದು ಫೋನ್ ಮಾಡಿಸಿದೆ. ಹುಳು ತಿಂದು ಬಿಟ್ಟ ಕಡ್ಡಿ ಕಸವನ್ನು ದನಕ್ಕೆ ಹಾಕುವುದುಂಟು. ಹುಳುವಿಗೆಂದು ಬೆಳೆದ ಎಳೆಸೊಪ್ಪನ್ನೇ ದನದ ಮುಂದೆ ಸುರಿದವರು ಈ ಸೀಮೆಯಲ್ಲಿ ಯಾರೂ ಇಲ್ಲ. ನಾನು ಮದುವೆಯಾಗಿ ಬಂದಂದಿನಿಂದ ನಮ್ಮ ಹುಳುಮನೆ ಹಂಗಾಮಿನಲ್ಲಿ ಬರಿದಾದದ್ದು ಇದೇ ಮೊದಲು. ಮೀನಾಕ್ಷಮ್ಮನಿಗೆ ಅರಳುಮರಳು ಅಂತ ಬೀದಿಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಕಾರಣ ಯಾರಿಗೂ ಹೇಳಿಲ್ಲ.

ನಿನ್ನೆ ಕತ್ತಲಾಗಿ ತಾರಸಿಯಿಂದ ಇಳಿದ ಕೂಡಲೇ ಕೆಂಪಯ್ಯನ ಮನೆಗೆ ಹೋಗಿ, ಅವನ ಟವಲ್ ಕಿತ್ತು ಮೂಸಿ ನೋಡಿದೆ. ಬೀಡಿ ವಾಸನೆ ಬಿಟ್ಟರೆ ಬೇರೇನಿರಲಿಲ್ಲ. ಅವನಲ್ಲ. ಆದರೆ ಗುಡ್ಡದ ಸುತ್ತ ಎಷ್ಟು ಊರಿದೆ, ಎಷ್ಟು ಕೆಂಪಯ್ಯಂದಿರಿದ್ದಾರೆ! ಅವರ ದನಗಳಿಗೆಲ್ಲ ಸೊಪ್ಪು ಎಲ್ಲಿಂದ ತರಲಿ?

"ಏನೂ ಆಗಿಲ್ಲ ಅಮ್ಮ, ಆ ಕಡೆ ಬೆಂಕಿ ಆರ್ಸಕ್ಕೆ ಎಲ್ಲಾ ಹೋಗವ್ರೆ" ಅನ್ನುತ್ತಾನೆ ಉಜೈರ್. ನೀನು ನಿನ್ನ ಕಣ್ಣಲ್ಲಿ ನೋಡಿದ್ಯಾ ಅಂತ ಕೇಳಿದರೆ ಲೋಟದೊಳಗೆ ನೋಡುತ್ತಾನೆ. ಅವನು ಒಳ್ಳೆಯ ಹುಡುಗ. ಒಳ್ಳೆಯವರು ಸುಳ್ಳು ಹೇಳಿಬಿಡುತ್ತಾರೆ ಅನ್ನುವುದೇ ನನ್ನ ಭಯ.

ಕೆಲಸ ಬಿಟ್ಟು ಬಾ ಎಂದು ನಾನು ಬರೆಯುವುದಿಲ್ಲ. ನೀನು ಬರುವವಳಲ್ಲ, ಹೇಳಿ ಇಲ್ಲ ಅನ್ನಿಸಿಕೊಳ್ಳುವವಳು ನಾನಲ್ಲ. ಆದರೆ ಇವತ್ತು ಸಂಜೆ ಕನ್ನಡಿ ತೋರಿಸು. ನಾಳೆ ಬೆಳಿಗ್ಗೆ ನಿಮ್ಮ ಗುಡ್ಡದ ಮೇಲೆ ಸೂರ್ಯ ಬಂದ ಮೇಲೆ ನೀನು ನಮ್ಮ ತಾರಸಿಯ ಕಡೆ ನೋಡು. ಈ ಕಡೆಯಿಂದ ಹೊಳೆಯಲು ಬೆಳಗಿನ ಬಿಸಿಲೇ ಬೇಕು, ಯೋಚಿಸಿ ನೋಡಿದ್ದೇನೆ. ನಡುಮನೆಯ ದೊಡ್ಡ ಕನ್ನಡಿಯನ್ನು ಮೊಳೆಯಿಂದ ಬಿಚ್ಚಿಸಿ ಆಗಲೇ ಮೇಲೆ ಸಾಗಿಸಿದ್ದೇನೆ. ನಿನ್ನ ಗಂಡ ಬಸವಕುಮಾರ ಅರ್ಧ ಮುಖ ನೊರೆ ಇಟ್ಟುಕೊಂಡು, "ಅವ್ವ, ಗಡ್ಡನಾದ್ರೂ ಮುಗುಸ್ಕೊಳ್ಳಕ್ ಬುಡು" ಅಂತ ಕೂಗಾಡಿದ. ಈಗ ಜೀಪಿನ ಕನ್ನಡಿಗೆ ಮುಖ ಕೊಟ್ಟು ನಿಂತಿದ್ದಾನೆ.

ಉಜೈರ್ ಲೋಟ ಕೆಳಗಿಟ್ಟ. ಇವನ ಕೈಯಲ್ಲಿ ಒಂದು ಡಬ್ಬಿ ಕಳಿಸಿದ್ದೇನೆ, ಯಲ್ಲಮ್ಮನಿಗೂ ಒಸಿ ಕೊಡು. ಆ ಮೆಣಸಿನಕಾಯಿಯನ್ನೆಲ್ಲ ಇವತ್ತು ಬೆಳಿಗ್ಗೆ ಕುಟ್ಟಿ ಪುಡಿ ಮಾಡಿಬಿಟ್ಟೆ. ಇನ್ನು ತಾರಸಿ ಹತ್ತಲು ನನಗೆ ನೆಪ ಬೇಕಿಲ್ಲ.

ಕಬ್ಬಾಳಮ್ಮ ನೀನು ಕಾಲಿಟ್ಟ ನೆಲವನ್ನೆಲ್ಲ ತಂಪಾಗಿಡಲಿ.

ಸಂಜೆಗೆ ಕಾದಿರುವ ನಿನ್ನ ಅತ್ತೆ,
ಮೀನಾಕ್ಷಮ್ಮ