ಗಾಣದ ಪಕ್ಕದ ಬೆಂಚು

ಯೇಚನ್
ಆಗಸ್ಟ್ 29, 2011

ನನ್ನ ಮುದ್ದಿನ ಗಾರಮ್,

ಹೇಗಿದ್ದೀ ಪುಟ್ಟೀ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ, ಇಲ್ಲಾ ಬಿಸಿನೀರು ಹೊಯ್ದ ನೂಡಲ್ಸ್ ತಿಂದು ಮಲಗುತ್ತಿದ್ದೀಯಾ? ನಿನ್ನಪ್ಪ ಅಲ್ಲಿಂದ ಬಂದವನೇ ‘ಮಗಳು ಸೊರಗಿದ್ದಾಳೆ’ ಎಂದಾಗಿನಿಂದ ನನಗೂ ಅನ್ನ ರುಚಿಸುತ್ತಿಲ್ಲ. ಉಳಿದಂತೆ ನಾನು ಚೆನ್ನಾಗಿದ್ದೇನೆ. ಮಂಡಿನೋವು ಇದ್ದಲ್ಲೇ ಇದೆ. ಫೋನಿನಲ್ಲಿ ನಿನ್ನ ಮಾತು ಅರ್ಧ ಕೇಳಿಸಿ ಅರ್ಧ ಕೇಳಿಸದೆ ಸಿಟ್ಟು ಬರುತ್ತದೆ, ಅದಕ್ಕೇ ಈ ಕಾಗದ. ಸುಗ್ಗಿಯ ಚುಸಕ್ ಹಬ್ಬ ಹತ್ತಿರ ಬಂತಲ್ಲ, ಗಾಣಕ್ಕೆ ಬಿಡುವಿಲ್ಲ. ಎಳ್ಳು ಹುರಿದ ಹೊಗೆ ನನ್ನ ತಲೆಗೂದಲಿಗೆಲ್ಲ ಹತ್ತಿದೆ. ಈ ಕಾಗದಕ್ಕೂ ಹತ್ತಿರಬೇಕು, ಮೂಸಿ ನೋಡು.

ನಿನ್ನ ಕಾಗದ ಓದಿದೆ. ದೇಜನ್‌ನಲ್ಲಿ ನೀನು ಗಾಣದ ಅಂಗಡಿ ತೆರೆದದ್ದನ್ನು ಇಲ್ಲಿ ಸಂತೆಗೆ ಬರುವವರಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಆದರೆ ಜನ ಎಣ್ಣೆ ತೆಗೆಸಲು ತಮ್ಮ ಎಳ್ಳಿನ ಚೀಲ ತಂದು, ಒಂದು ಕ್ಷಣ ನಿಂತು, ಹಾಗೇ ಹೊತ್ತುಕೊಂಡು ಹೋಗುತ್ತಾರೆ, ಈ ಹಬ್ಬಕ್ಕೂ ಹೀಗೇ ಆದರೆ ಬಾಗಿಲು ಹಾಕುತ್ತೇನೆ ಎಂದು ಬರೆದಿದ್ದೀಯ. ನಮ್ಮ ಅಂಗಡಿಯ ಹಳೇ ಬೋರ್ಡು ಕಳಿಸು, ಅದನ್ನು ನೋಡಿಯಾದರೂ ನಂಬುತ್ತಾರೆ ಎಂದಿದ್ದೀಯ. ಕಳಿಸುವುದಿಲ್ಲ. ಮುಖ ಊದಿಸಿಕೊಳ್ಳಬೇಡ, ಪೂರ್ತಿ ಓದು. ನಿನ್ನ ತಾತ ಆ ಬೋರ್ಡಿಗೆ ಮೊಳೆ ಹೊಡೆದ ದಿನ ಅದನ್ನು ನಂಬಿದವರು ಯಾರೂ ಇರಲಿಲ್ಲ. ಅದು ಆಮೇಲೆ ಬಂದ ನಂಬಿಕೆ. ಮತ್ತೆ ನಿನಗೆ ಆ ಮರದ ಹಲಗೆ ಏಕೆ? ಅಂಗಡಿ ತೆರೆದ ದಿನ ಬೀದಿಗೆಲ್ಲ ಕೆಂಪು ಕಾಳಿನ ಕಡುಬು ಹಂಚಿದೆಯಂತೆ, ಎದುರಿನ ಎಣ್ಣೆ ವ್ಯಾಪಾರಿಗೂ ಎರಡು ಕೈಯಲ್ಲಿ ಹಿಡಿದು ಕೊಟ್ಟೆಯಂತೆ. ನಿನ್ನಪ್ಪ ಹೇಳಿದಾಗ ನನಗೆ ಕಣ್ಣು ತುಂಬಿ ಬಂತು. ಅದನ್ನು ನಿನಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ.

ಗುಡ್ಡದ ಮೇಲಿನ ಮನೆಯ ಅಜ್ಜಿ ನೆನಪಿದ್ದಾಳಾ? ಅನುಮಾನದ ಮೂಟೆ. ಪ್ರತಿ ವರ್ಷ ಚೀಲ ಇಳಿಸಿದ ಕೂಡಲೇ ‘ನನ್ನ ಎಳ್ಳು ಬದಲಾಯ್ಸಲ್ಲ ತಾನೇ? ಪರದೇಶದ್ದು ಬೆರೆಸ್ತಾರಂತಪ್ಪಾ ಈಗೆಲ್ಲ’ ಎಂದು ಬೀದಿಗೆ ಕೇಳುವಂತೆ ಕೂಗುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಸಲ ‘ನಂಬಿಕೆ ಇಲ್ದಿದ್ರೆ ಬೇರೆ ಕಡೆ ಹೋಗಮ್ಮಾ’ ಎಂದೇಬಿಟ್ಟೆ. ಆಗ ನೀನು, ಹಲ್ಲು ಬಿದ್ದ ಬಾಯಿಯ ನೀನು, ಮೂಲೆಯಲ್ಲಿದ್ದ ಬೆಂಚನ್ನು ದರದರ ಎಳೆದು ತಂದು ಗಾಣದ ಪಕ್ಕ ಹಾಕಿ, ‘ಅಜ್ಜೀ, ಇಲ್ಲೇ ಕೂತ್ಕೊಳ್ಳಿ, ನಿಮ್ಮೆಳ್ಳಿನ್ ಮೇಲೆ ನಿಮ್ಮ ಕಣ್ಣೇ ಇರ್ಲಿ’ ಅಂದೆ. ಮುದುಕಿ ಕೂತಳು. ಹುರಿಯುವುದರಿಂದ ಹಿಡಿದು ಬಾಟಲಿ ತುಂಬುವವರೆಗೂ ನೋಡಿದಳು. ಮಾರನೇ ದಿನ ತನ್ನ ಬೀದಿಯ ಹೆಂಗಸರನ್ನೆಲ್ಲ ಕರೆತಂದಳು. ಆ ಬೆಂಚು ಮತ್ತೆ ಮೂಲೆಗೆ ಹೋಗಲಿಲ್ಲ. ನಾನು ಅವಮಾನ ಎಂದುಕೊಂಡ ಮಾತಿನಲ್ಲಿ ನಿನಗೆ ಗಿರಾಕಿ ಕಂಡಳು. ‘ಈ ಹುಡುಗಿ ನಮ್ಮನ್ನೆಲ್ಲ ಮೀರಿಸ್ತಾಳೆ ಕಣೇ’ ಎಂದು ನಿನ್ನ ತಾತ ಆ ರಾತ್ರಿ ಉಬ್ಬಿಹೋಗಿದ್ದರು. ನಾನೂ ಉಬ್ಬಿದ್ದೆ, ಹೇಳಲಿಲ್ಲ ಅಷ್ಟೇ. ಈಗ ಹೇಳುತ್ತಿದ್ದೇನೆ.

ನಿನ್ನಪ್ಪ ಫೋನಿನಲ್ಲಿ ಅಂಗಡಿಯ ಚಿತ್ರ ತೋರಿಸಿದ. ಎಷ್ಟು ಚೆಂದ! ದೀಪಗಳು, ಹೂಕುಂಡ, ಸಾಲಾಗಿ ಗಾಜಿನ ಬಾಟಲಿಗಳು. ಗಾಣ ಎಲ್ಲಿ ಎಂದು ಕೇಳಿದೆ. ಗೋಡೆಯ ಹಿಂದೆ ಇದೆ, ಸದ್ದು, ಹೊಗೆ ಮುಂದೆ ಬರಬಾರದು ಎಂದು ಅಲಂಕಾರ ಮಾಡಿದವನು ಹೇಳಿದನಂತೆ. ಅಲ್ಲವೇ ಪೆದ್ದೀ, ವರ್ಷವಿಡೀ ಬಿಸಿಲಲ್ಲಿ ಬೆಳೆದ ಎಳ್ಳನ್ನು ಗೋಡೆಯ ಹಿಂದಕ್ಕೆ ಯಾರು ಕೊಡುತ್ತಾರೆ? ಜನ ವಾಪಸ್ ಹೋಗುತ್ತಿರುವುದು ಹಳೇ ಬೋರ್ಡು ಇಲ್ಲ ಎಂದಲ್ಲ. ಗೋಡೆ ಕೆಡವಿಸು.

ಅಮ್ಮನಿಗೆ ಫೋನು ಮಾಡು, ಕಾಯುತ್ತಾಳೆ. ನಿನ್ನ ಅಂಗಡಿಯ ಬಾಗಿಲಲ್ಲಿ ಚಪ್ಪಲಿ ಇಡಲು ಜಾಗವಿಲ್ಲದಂತಾಗಲಿ ಎಂದು ಹರಸುವ,

ನಿನ್ನ ಗಾಣದಜ್ಜಿ

ಮರೆತೆ. ಬರುವ ಶನಿವಾರ ಬೆಳಗಿನ ಬಸ್ಸಿಗೆ ನಾನೇ ಬರುತ್ತಿದ್ದೇನೆ. ನಮ್ಮ ಗಾಣಕ್ಕೆ ಆ ದಿನ ರಜೆ. ಬೋರ್ಡು ಇಲ್ಲೇ ಇರುತ್ತದೆ, ಆ ಬೆಂಚನ್ನು ಮಾತ್ರ ನಿನ್ನಪ್ಪ ವ್ಯಾನಿಗೆ ಕಟ್ಟಿ ತರುತ್ತಾನೆ. ನನ್ನ ಎಳ್ಳು ನಾನೇ ತರುತ್ತೇನೆ, ಎಲ್ಲರಂತೆ ಸಾಲಿನಲ್ಲಿ ನಿಲ್ಲುತ್ತೇನೆ, ನಿನ್ನ ಸ್ವಂತ ಅಜ್ಜಿ ಎಂದು ಗುಟ್ಟು ಬಿಟ್ಟುಕೊಟ್ಟೀಯೆ, ಜೋಕೆ. ನನ್ನ ಸರದಿ ಬಂದಾಗ ‘ನನ್ನ ಎಳ್ಳು ಬದಲಾಯ್ಸಲ್ಲ ತಾನೇ?’ ಎಂದು ಬೀದಿಗೆ ಕೇಳುವಂತೆ ಕೂಗುತ್ತೇನೆ. ಏನು ಹೇಳಬೇಕೆಂದು ನಿನಗೆ ಗೊತ್ತು.