ಕಾಲು ನೆಲಕ್ಕೆ ಎಟುಕದ ಕುರ್ಚಿ

ಮಾನ್ಯ ಆಯ್ಕೆ ಮಂಡಳಿಯ ಅಧ್ಯಕ್ಷರೇ,

ದೇಶದ ಅತ್ಯುನ್ನತ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಗಳ ಮೂರು ಸ್ಥಾನ ಖಾಲಿ ಇವೆ. ಆ ಮೂರಕ್ಕೂ ತಾವು ಮತ್ತೆ ಅದೇ ಬಡಾವಣೆಯ, ಅದೇ ಕಾಲೇಜಿನ, ಒಬ್ಬರ ಮನೆ ಮದುವೆಗೆ ಇನ್ನೊಬ್ಬರು ಓಡಾಡುವ ಗಂಡಸರನ್ನೇ ಆರಿಸಲು ಹೊರಟಿದ್ದೀರಿ ಎಂದು ಪತ್ರಿಕೆಯಲ್ಲಿ ಓದಿದೆ. ಓದಿ ಮೈಯೆಲ್ಲ ಉರಿಯಿತು. ಬರುವ ತಿಂಗಳು ಅಲ್ಲಿನ ಐವರು ನ್ಯಾಯಮೂರ್ತಿಗಳ ಮುಂದೆ ನನ್ನ ಸೊಸೆಯ ಮೊಕದ್ದಮೆ ಬರಲಿದೆ. ಅವಳಂಥವರ ದಿನ ಹೇಗೆ ಕಳೆಯುತ್ತದೆ ಎಂಬುದನ್ನು ಕಂಡುಂಡ ಒಬ್ಬರೂ ಆ ಐವರಲ್ಲಿ ಇರುವುದಿಲ್ಲ. ಇರದಂತೆ ನೋಡಿಕೊಂಡವರು ತಾವು. ನನ್ನ ತಕರಾರು ಇಷ್ಟೇ, ಆದರೆ ಇದನ್ನು ಸಣ್ಣದೆಂದು ದಯವಿಟ್ಟು ಪಕ್ಕಕ್ಕಿಡಬೇಡಿ.

ಇದನ್ನೆಲ್ಲ ಕೇಳಲು ನೀನು ಯಾರಯ್ಯ ಎಂದು ತಮಗೆ ಅನ್ನಿಸಬಹುದು. ನಾನು ಅದೇ ನ್ಯಾಯಾಲಯದಲ್ಲಿ ಕುರ್ಚಿ ಎಳೆಯುತ್ತಿದ್ದವನು. ನಗಬೇಡಿ, ಅದೊಂದು ಹುದ್ದೆ. ಪ್ರತಿಯೊಬ್ಬ ನ್ಯಾಯಮೂರ್ತಿಯ ಬೆನ್ನ ಹಿಂದೆ ಒಬ್ಬ ಜವಾನ ಇರುತ್ತಾನೆ. ಸಾಹೇಬರು ಬಂದಾಗ ಕುರ್ಚಿಯನ್ನು ಹಿಂದಕ್ಕೆ ಎಳೆಯಬೇಕು, ಕೂರಲು ಬಾಗಿದಾಗ ಮುಂದಕ್ಕೆ ತಳ್ಳಬೇಕು, ಏಳುವಾಗ ಮತ್ತೆ ಎಳೆಯಬೇಕು. ಬೇಗ ತಳ್ಳಿದರೆ ಮಂಡಿಗೆ ಬಡಿಯುತ್ತದೆ. ತಡ ಮಾಡಿದರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ, ದೇವರ ದಯೆ, ನನ್ನ ಕೈಯಲ್ಲಿ ಯಾರೂ ಬೀಳಲಿಲ್ಲ. ಉಳಿದ ಹೊತ್ತು ಗೋಡೆಗೆ ಬೆನ್ನು ತಾಗಿಸದೆ ನಿಂತಿರಬೇಕು. ತಲೆಗೂದಲು ಕಪ್ಪಗಿದ್ದಾಗ ಸೇರಿದವನು, ಪೂರ್ತಿ ನರೆತ ಮೇಲೆ ನಿವೃತ್ತನಾದೆ. ಈ ಪತ್ರ ಬರೆಯಲು ಕೂತಾಗ ನನ್ನ ಹೆಂಡತಿ ಅಡುಗೆಮನೆಯಿಂದಲೇ ಚುಚ್ಚಿದಳು: "ಕುರ್ಚಿ ಎಳ್ದು ಎಳ್ದು ದೊಡ್ಡ ವಕೀಲ್ರೇ ಆಗ್ಬಿಟ್ರಲ್ಲ! ಬರೀರಿ ಬರೀರಿ, ನಿಮ್ಮ ಕಾಗದಕ್ಕೇ ಕಾಯ್ತಾ ಕೂತಿದಾರೆ ಅಲ್ಲಿ." ಅವಳ ಮಾತಿನಲ್ಲಿ ಸುಳ್ಳಿಲ್ಲ. ಆದರೂ ಬರೆಯುತ್ತಿದ್ದೇನೆ.

ತಾವು ಆರಿಸಲಿರುವ ಮೂವರ ಹೆಸರುಗಳು ಈಗಾಗಲೇ ಊರೆಲ್ಲ ಸುತ್ತುತ್ತಿವೆ. ಮೊದಲನೆಯವರು ಹಿಂದೊಮ್ಮೆ ಅಲ್ಲೇ ನ್ಯಾಯಮೂರ್ತಿಯಾಗಿದ್ದವರ ಮಗ. ಅವರು ಚಿಕ್ಕವರಿದ್ದಾಗ ರಜೆಯಲ್ಲಿ ಬಂದರೆ, ಅಪ್ಪನ ಕುರ್ಚಿಯಲ್ಲಿ ಕೂರಿಸಿ ಗಿರಗಿರನೆ ತಿರುಗಿಸುತ್ತಿದ್ದವನು ನಾನೇ. ಆಗಲೇ ಅಳತೆ ತೆಗೆದಿಟ್ಟುಕೊಂಡಿದ್ದರು ಅಂತ ಕಾಣುತ್ತದೆ. ಎರಡನೆಯವರು ಇನ್ನೊಬ್ಬ ನ್ಯಾಯಮೂರ್ತಿಯ ಅಳಿಯ. ಮೂರನೆಯವರು ಯಾರ ಮಗನೂ ಅಲ್ಲ, ಅಳಿಯನೂ ಅಲ್ಲ ಎಂದು ಕೇಳಿ, ಅಬ್ಬಾ, ಕೊನೆಗೂ ಗಾಳಿ ಬೀಸಿತು ಎಂದುಕೊಂಡೆ. ಆಮೇಲೆ ತಿಳಿಯಿತು, ಅವರು ಎರಡನೆಯವರ ತಂಗಿಯ ಗಂಡ. ಇದು ಆಯ್ಕೆಯೋ, ಹೆಣ್ಣು ನೋಡುವ ಶಾಸ್ತ್ರವೋ?

ನಮ್ಮಲ್ಲಿ ಗಣಿಗಳಿರುವ ಊರುಗಳಿವೆ, ಬಂದರುಗಳಿವೆ, ಮನೆಯಲ್ಲಿ ಒಂದು ಭಾಷೆ ಆಡಿ ಕಚೇರಿಯಲ್ಲಿ ಇನ್ನೊಂದಕ್ಕೆ ತಡವರಿಸುವ ಜನ ಇದ್ದಾರೆ. ಅಲ್ಲಿಂದಲೂ ವಕೀಲರು ಬರುತ್ತಾರೆ. ಕೆಳಗಿನ ನ್ಯಾಯಾಲಯಗಳಲ್ಲಿ ಒಳ್ಳೆಯ ನ್ಯಾಯಾಧೀಶರೂ ಆಗುತ್ತಾರೆ, ಅವರಲ್ಲಿ ಹೆಂಗಸರೂ ಬೇಕಾದಷ್ಟಿದ್ದಾರೆ. ಕೊನೆಯ ಮೆಟ್ಟಿಲು ಬಂದಾಗ ಮಾತ್ರ ಅವರೆಲ್ಲ ಎಲ್ಲಿ ಮಾಯವಾಗುತ್ತಾರೆ? ತಮ್ಮ ಕಾರ್ಯದರ್ಶಿಗಳು "ಅರ್ಹತೆಯೊಂದೇ ನಮ್ಮ ಮಾನದಂಡ" ಎಂದು ಹೇಳಿಕೆ ಕೊಟ್ಟಿದ್ದಾರೆ. ಸಂತೋಷ. ಅರ್ಹತೆ ಇರಬೇಕು, ಬೇಡ ಅಂದವರಾರು? ಆದರೆ ಅದು ಪ್ರತಿ ಸಲವೂ ಅವೇ ನಾಲ್ಕು ಮನೆಗಳಲ್ಲಿ ಹುಟ್ಟುತ್ತದೆ ಎಂದರೆ ನನಗೆ ಅನುಮಾನ ಬರುವುದು ಅರ್ಹತೆಯ ಮೇಲಲ್ಲ, ತಾವು ಹುಡುಕುವ ರೀತಿಯ ಮೇಲೆ.

ಮಾನದಂಡದ ಮಾತು ಬಂತಲ್ಲ, ಒಂದು ಕುರ್ಚಿಯ ವಿಷಯ ಹೇಳುತ್ತೇನೆ. ನನ್ನ ಸೇವೆಯ ಕಾಲದಲ್ಲಿ ಒಬ್ಬರೇ ಒಬ್ಬರು ಮಹಿಳೆ ಅಲ್ಲಿಗೆ ಬಂದರು. ಆಸ್ಪತ್ರೆಯ ಬಟ್ಟೆ ಒಗೆಯುತ್ತಿದ್ದ ತಾಯಿಯ ಮಗಳು, ಗಿಡ್ಡ ಆಳು, ಗಟ್ಟಿ ದನಿ. ನನ್ನನ್ನು ಅವರ ಹಿಂದೆ ಹಾಕಿದರು. ಮೊದಲ ದಿನವೇ ನನಗೆ ಗೊತ್ತಾಯಿತು, ಕುರ್ಚಿಯಲ್ಲಿ ಕೂತರೆ ಅವರ ಕಾಲು ನೆಲಕ್ಕೆ ಎಟುಕುವುದಿಲ್ಲ. ಮುಂದಿನಿಂದ ನೋಡಿದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು, ಕಪ್ಪು ನಿಲುವಂಗಿ, ಎತ್ತರದ ಮೇಜು. ಹಿಂದೆ ನಿಂತವನಿಗೆ ಮಾತ್ರ ಕಾಣುತ್ತಿತ್ತು, ಕಾಲು ಜೋತಾಡುವುದು, ಚಪ್ಪಲಿ ಜಾರುವುದು, ಮಧ್ಯಾಹ್ನದ ಹೊತ್ತಿಗೆ ಪಾದ ಊದಿಕೊಳ್ಳುವುದು. ಅವರು ಯಾರಿಗೂ ಹೇಳಲಿಲ್ಲ. ಬಂದ ಹೊಸತರಲ್ಲೇ ಕುರ್ಚಿ ಸರಿಯಿಲ್ಲ ಅಂದರೆ ಜನ ಏನನ್ನುತ್ತಾರೆಂದು ಅವರಿಗೆ ಗೊತ್ತಿರಲಿಲ್ಲವೇ?

ನನಗೆ ನೋಡಲಾಗಲಿಲ್ಲ. ಪರಿಚಯದ ಬಡಗಿಗೆ ಹೇಳಿ ಒಂದು ಕಾಲುಮಣೆ ಮಾಡಿಸಿ ಮೇಜಿನ ಕೆಳಗೆ ಇಟ್ಟೆ. ಅವರು ಕೂತರು, ಕಾಲಿಗೆ ಏನೋ ತಾಗಿತು, ಹಿಂದಕ್ಕೆ ತಿರುಗಿ ನನ್ನನ್ನು ನೋಡಿದರು, ಮೊದಲ ಮೊಕದ್ದಮೆ ಕರೆಸಿದರು. ವಾರ ಕಳೆಯುವುದರೊಳಗೆ ಕಚೇರಿಯಿಂದ ನನಗೆ ಕಾರಣ ಕೇಳುವ ನೋಟಿಸು ಬಂತು. ಅನುಮೋದನೆ ಇಲ್ಲದ ಪೀಠೋಪಕರಣವನ್ನು ನ್ಯಾಯಾಂಗಣದೊಳಗೆ ತಂದದ್ದೇಕೆ ಎಂದು! ಮೇಲಧಿಕಾರಿ ನನ್ನನ್ನು ಕರೆಸಿ, "ಆ ಕುರ್ಚಿಗಳು ಸ್ಟ್ಯಾಂಡರ್ಡ್ ಕಣಯ್ಯಾ. ಇಷ್ಟು ವರ್ಷ ಯಾರಿಗೂ ತೊಂದ್ರೆ ಆಗ್ಲಿಲ್ಲ, ಇವ್ರಿಗೇನಂತೆ?" ಅಂದರು. ಯಾರಿಗೂ ತೊಂದರೆ ಆಗಲಿಲ್ಲ ಸ್ವಾಮಿ, ಯಾಕೆಂದರೆ ಅಲ್ಲಿಯವರೆಗೆ ಕೂತವರೆಲ್ಲ ಒಂದೇ ಅಳತೆಯವರು. ವಿಷಯ ಮೇಡಂ ಕಿವಿಗೆ ಬಿತ್ತು. "ನಾನೇ ತರಿಸಿದ್ದು ಅಂತ ಹೇಳಿ, ಇನ್ನು ಅವ್ರನ್ನ ಕಾಡ್ಬೇಡಿ," ಎಂದು ಅವರೇ ಹೇಳಿ ಕಳಿಸಿದ ಮೇಲೆ ನೋಟಿಸು ತಣ್ಣಗಾಯಿತು.

ಆ ಮೇಡಂ ಬಡವರ ಪರವಾಗಿಯೇ ತೀರ್ಪು ಕೊಟ್ಟರು ಎಂದು ನಾನು ಹೇಳುತ್ತಿಲ್ಲ. ಕಸ ಗುಡಿಸುವ ಹೆಂಗಸರ ಸಂಘದ ಅರ್ಜಿಯೊಂದು ಬಂದಿತ್ತು, ಅದನ್ನು ಅವರೇ ವಜಾ ಮಾಡಿದರು. ನನಗೂ ಸಿಟ್ಟು ಬಂತು. ಆದರೆ ವಜಾ ಮಾಡುವ ಮೊದಲು ಆ ಬೆಳಗ್ಗೆಯೆಲ್ಲ ಕೇಳಿದ ಪ್ರಶ್ನೆಗಳಿದ್ದವಲ್ಲ! ಗಾಡಿ ಯಾರು ತಳ್ಳುತ್ತಾರೆ, ಕೈಗವಸು ಹರಿದರೆ ಹೊಸದು ಯಾರನ್ನು ಕೇಳಬೇಕು, ಮುಟ್ಟಾದ ದಿನ ಏನು ಮಾಡುತ್ತೀರಿ. ಅಕ್ಕಪಕ್ಕದ ಗಂಡಸು ನ್ಯಾಯಮೂರ್ತಿಗಳು ಕಡತದೊಳಗೆ ಮುಖ ಹುದುಗಿಸಿದರು. ಸೋತು ಹೊರಗೆ ಬಂದ ಒಬ್ಬ ಹೆಂಗಸು ಕಾರಿಡಾರಿನಲ್ಲಿ ನನಗೆ ಹೇಳಿದಳು: "ಸೋತ್ವಿ ಅಣ್ಣ. ಆದ್ರೆ ಆಯಮ್ಮ ಎಲ್ಲಾ ಕೇಳಿದ್ಲು. ಕೇಳ್ದೇನೇ ಸೋಲಿಸ್ಲಿಲ್ಲ." ನಮ್ಮವರೇ ಬೇಕು, ನಮಗೇ ಗೆಲುವು ಬೇಕು ಎಂದು ನಾನು ಬೇಡುತ್ತಿಲ್ಲ ಎಂಬುದು ಇದರಿಂದ ತಮಗೆ ಅರ್ಥವಾದರೆ ಸಾಕು.

ಈಗ ನನ್ನ ಸೊಸೆಯ ವಿಷಯ. ಅವಳು ನಾಲ್ಕು ಮಹಡಿಯ ಬಟ್ಟೆ ಅಂಗಡಿಯಲ್ಲಿ ಮಾರಾಟದ ಕೆಲಸಕ್ಕಿದ್ದಳು. ಅಲ್ಲಿ ಬಾಗಿಲು ತೆರೆದಾಗಿನಿಂದ ಮುಚ್ಚುವವರೆಗೆ ಹೆಣ್ಣುಮಕ್ಕಳು ಕೂರುವಂತಿಲ್ಲ. ಗಿರಾಕಿ ಇರಲಿ, ಬಿಡಲಿ. ಕೂತ ಹುಡುಗಿಯರನ್ನು ಕಂಡರೆ ಅಂಗಡಿಯೇ ನಿದ್ದೆ ಹೋದಂತೆ ಕಾಣುತ್ತದಂತೆ, ಅದು ಅಲ್ಲಿನ ಮ್ಯಾನೇಜರರ ಅಪ್ಪಣೆ. ಏಳು ತಿಂಗಳ ಬಸುರಿ ನನ್ನ ಸೊಸೆ ಒಂದು ದಿನ ತಲೆ ಸುತ್ತಿ, ಕೌಂಟರಿನ ಹಿಂದೆ ಬಟ್ಟೆ ಬಂದಿದ್ದ ರಟ್ಟಿನ ಪೆಟ್ಟಿಗೆಯ ಮೇಲೆ ಕೂತಳು. ಅದು ಕ್ಯಾಮೆರಾದಲ್ಲಿ ಕಂಡಿತು. ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುತ್ತ, "ನಾಳೆಯಿಂದ ಬರ್ಬೇಡ ಅಂದ್ರು ಮಾವ. ಕೂತಿದ್ದಕ್ಕೆ," ಅಂದಳು. ಕಳ್ಳತನಕ್ಕೆ, ಸುಳ್ಳಿಗೆ, ಜಗಳಕ್ಕೆ ಕೆಲಸ ಹೋದದ್ದು ಕೇಳಿದ್ದೆ. ಕೂತದ್ದಕ್ಕೆ!

ಹಟ ಹಿಡಿದು ಅವಳು ಕೇಸು ಹಾಕಿದಳು. ಕೆಳಗಿನ ನ್ಯಾಯಾಲಯ ಅವಳ ಕೆಲಸವನ್ನು ವಾಪಸು ಕೊಡಿಸಿತು, ಜೊತೆಗೆ ಪ್ರತಿ ಕೌಂಟರಿಗೂ ಒಂದು ಸ್ಟೂಲು ಇಡಿ ಎಂದಿತು. ಸ್ಟೂಲುಗಳು ಬಂದವು. ಅವಳ ಗೆಳತಿಯರು ಮನೆಗೆ ಬಂದು ಅತ್ತು ನಕ್ಕು ಗಲಾಟೆ ಎಬ್ಬಿಸಿದರು. ಅಂಗಡಿಯವರು ಮೇಲ್ಮನವಿಗೆ ಹೋದರು, ಮೇಲಿನವರು ತೀರ್ಪು ತಿರುಗಿಸಿದರು, ಸ್ಟೂಲುಗಳು ಗೋದಾಮು ಸೇರಿದವು, ಅವಳು ಮತ್ತೆ ಮನೆಯಲ್ಲಿ ಕೂತಳು. ಕೊನೆಗೆ ಮೊಕದ್ದಮೆ ನನ್ನ ಹಳೆಯ ನ್ಯಾಯಾಲಯಕ್ಕೇ ಬಂತು. ಮೊದಲ ವಿಚಾರಣೆ ಮೂವರು ನ್ಯಾಯಮೂರ್ತಿಗಳ ಮುಂದೆ. ನಾನೂ ಅವಳೊಂದಿಗೆ ಹೋಗಿ, ಆ ಕೋಣೆಯಲ್ಲಿ ಜನ್ಮದಲ್ಲೇ ಮೊದಲ ಬಾರಿಗೆ ಕುರ್ಚಿಯ ಮೇಲೆ ಕೂತೆ.

ಅಂದು ಕೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ಮಧ್ಯದಲ್ಲಿದ್ದ ಹಿರಿಯರು ಬಹಳ ಮೃದುವಾಗಿ, "ಅಷ್ಟು ಆಯಾಸವಾಗಿದ್ದರೆ ಆಕೆ ಶೌಚಾಲಯಕ್ಕೆ ಹೋಗಿ ಸ್ವಲ್ಪ ಹೊತ್ತು ಕೂತು ಬರಬಹುದಿತ್ತಲ್ಲ?" ಎಂದರು. ಎಡಗಡೆಯವರು, "ನಾವೂ ಜೂನಿಯರುಗಳಾಗಿದ್ದಾಗ ದಿನವಿಡೀ ನಿಂತೇ ಇದ್ದೆವು. ಆರೋಗ್ಯಕ್ಕೆ ಒಳ್ಳೆಯದೇ ಆಯಿತು," ಎಂದರು. ಇಡೀ ಕೋಣೆ ನಕ್ಕಿತು. ಮೂವರೂ ಎತ್ತರದ ಬೆನ್ನಿನ ಕುರ್ಚಿಗಳಲ್ಲಿ ಒರಗಿ ಕೂತಿದ್ದರು, ಮೂವರ ಹಿಂದೆಯೂ ನನ್ನಂಥ ಒಬ್ಬೊಬ್ಬ ನಿಂತಿದ್ದ. ನಿಂತವರು ನಗಲಿಲ್ಲ. ಸೊಸೆ ನನ್ನ ತೋಳು ಜಗ್ಗಿ ಪಿಸುಗುಟ್ಟಿದಳು: "ಮಾವ, ಟೋಕನ್ ವಿಷ್ಯ ಯಾರೂ ಹೇಳ್ತಾನೇ ಇಲ್ವಲ್ಲ!"

ಆ ಅಂಗಡಿಯಲ್ಲಿ ಶೌಚಾಲಯಕ್ಕೆ ಹೋಗಬೇಕಾದರೆ ಮಹಡಿಯ ಮೇಲ್ವಿಚಾರಕನಿಂದ ಒಂದು ಟೋಕನ್ ಪಡೆಯಬೇಕು. ಇಡೀ ಮಹಡಿಗೆ ಇರುವುದು ಒಂದೇ. ಅದು ಒಬ್ಬಳ ಕೈಯಲ್ಲಿದ್ದರೆ ಉಳಿದವರು ಕಾಯಬೇಕು, ಅವಳು ತಡಮಾಡಿದರೆ ಎಲ್ಲರೂ ಅವಳನ್ನು ಶಪಿಸಬೇಕು. ಅಲ್ಲಿ ಹೋಗಿ ಕೂತು ಸುಧಾರಿಸಿಕೊಂಡು ಬರಬೇಕಂತೆ! ನಮ್ಮ ವಕೀಲರು, ಪಾಪ, ಒಳ್ಳೆಯ ಮನುಷ್ಯ, ಹೊರಗೆ ಬಂದ ಮೇಲೆ ಇದನ್ನು ಕೇಳಿ ಹಣೆ ಚಚ್ಚಿಕೊಂಡರು.

"ಇದನ್ನ ಮೊದ್ಲೇ ಹೇಳ್ಬಾರ್ದಿತ್ತೇನಮ್ಮಾ?"

"ನೀವು ಕೇಳ್ಲಿಲ್ಲ ಸಾರ್. ನಮ್ಗೆ ಅದು ದಿನಾ ಇರೋದೇ. ಅದನ್ನೂ ಬಿಡಿಸಿ ಹೇಳ್ಬೇಕು ಅಂತ ನಂಗೆ ಹೇಗೆ ಗೊತ್ತಾಗ್ಬೇಕು?"

ಅಧ್ಯಕ್ಷರೇ, ಈ ಒಂದು ಮಾತನ್ನು ತಾವು ಎರಡು ಸಲ ಓದಬೇಕೆಂದು ಕೋರುತ್ತೇನೆ. ಅನುಭವಿಸಿದವರಿಗೆ ಅದು ಹೇಳಬೇಕಾದ ವಿಷಯ ಎಂದು ಗೊತ್ತಿಲ್ಲ, ಅನುಭವಿಸದವರಿಗೆ ಅದು ಕೇಳಬೇಕಾದ ವಿಷಯ ಎಂದು ಗೊತ್ತಿಲ್ಲ. ಆ ಮೂವರು ಕೆಟ್ಟವರೆಂದು ನಾನು ಹೇಳಲಾರೆ. ಅವರಲ್ಲಿ ಒಬ್ಬರ ಕುರ್ಚಿಯನ್ನು ನಾನೇ ಎಳೆದಿದ್ದೇನೆ, ನನ್ನ ಹೆಂಡತಿ ಕಾಯಿಲೆ ಬಿದ್ದು ಮಲಗಿದ್ದಾಗ ತಮ್ಮ ಮನೆಯ ವೈದ್ಯರನ್ನು ಕಳಿಸಿದ ಪುಣ್ಯಾತ್ಮರು ಅವರು. ಕಾನೂನು ಅವರಿಗೆ ಬಾಯಿಪಾಠ. ಆದರೆ ಅವರ ಅಮ್ಮನಾಗಲಿ, ಅಕ್ಕನಾಗಲಿ, ಹೆಂಡತಿಯಾಗಲಿ ಟೋಕನ್ ಹಿಡಿದು ನಿಂತವರಲ್ಲ. ಮೂವರಲ್ಲಿ ಒಬ್ಬರ ಮನೆಯಲ್ಲಾದರೂ ಅಂಥವರು ಇದ್ದಿದ್ದರೆ ಆ ನಗು ಏಳುತ್ತಿತ್ತೇ? ಪಕ್ಕದವರು ನಗಲು ಬಾಯಿ ತೆರೆದು, ಅವರ ಮುಖ ನೋಡಿ ಮುಚ್ಚಿಕೊಳ್ಳುತ್ತಿದ್ದರು. ನಾನು ಕೇಳುತ್ತಿರುವ ಪ್ರಾತಿನಿಧ್ಯ ಅಷ್ಟೇ.

ಅಂದು ಇನ್ನೊಂದು ಎಡವಟ್ಟೂ ಆಯಿತು. ವಿಷಯ ದೇಶದ ಎಲ್ಲ ಅಂಗಡಿಗಳಿಗೂ ಸಂಬಂಧಪಟ್ಟದ್ದು, ಐವರ ಪೀಠವೇ ಕೇಳಲಿ ಎಂದು ಹೇಳಿ ನ್ಯಾಯಮೂರ್ತಿಗಳು ಎದ್ದರು. ಎದ್ದದ್ದೇ ತಡ, ನನ್ನ ಕೈಗಳು ತಮ್ಮಷ್ಟಕ್ಕೆ ಮುಂದಕ್ಕೆ ಚಾಚಿ, ಎದುರಿನ ಸಾಲಿನ ಕುರ್ಚಿಯನ್ನು ಹಿಡಿದು ಜೋರಾಗಿ ಹಿಂದಕ್ಕೆ ಎಳೆದವು. ಅದರಿಂದ ಅರ್ಧ ಎದ್ದಿದ್ದ ಹೆಂಗಸೊಬ್ಬರು ತಿರುಗಿ, "ಏನ್ರೀ ಇದು, ಮೈಮೇಲೆ ಜ್ಞಾನ ಇಲ್ವಾ?" ಎಂದು ಗದರಿದರು. ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಕೆಲಸ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ನಾನು ಮಾತ್ರ ನನ್ನ ಕೈಗಳನ್ನೇ ನೋಡಿಕೊಂಡೆ. ನನ್ನ ಸೊಸೆಯ ಮಾತು ಕೇಳದೆ ಎದ್ದುಹೋಗುವವರಿಗೂ ನನ್ನ ಕೈ ದಾರಿ ಮಾಡಿಕೊಡುತ್ತದಲ್ಲ!

ಬಸ್ಸಿನಲ್ಲಿ ಬರುವಾಗ ಅವಳು ಕೇಳಿದಳು: "ಮುಂದಿನ ತಿಂಗ್ಳು ನಾನೂ ಬರ್ಲೇಬೇಕಾ ಮಾವ? ಅಲ್ಲಿ ನನ್ನ ಬಗ್ಗೆ ಮಾತಾಡ್ತಾರೆ, ನನ್ನ ಹತ್ರ ಯಾರೂ ಮಾತಾಡಲ್ಲ." ಬರಬೇಕಮ್ಮ ಅಂದೆ. ಯಾಕೆ ಅಂದಳು. ನಾನು ಕಿಟಕಿಯ ಕಡೆ ತಿರುಗಿದೆ.

ಅವಳ ಆ ಪ್ರಶ್ನೆಗೆ ಉತ್ತರ ತಮ್ಮ ಕೈಯಲ್ಲಿದೆ. ಆದ್ದರಿಂದ ಒತ್ತಾಯಿಸುತ್ತೇನೆ: ಐವರ ಪೀಠ ಕೂರುವ ಮೊದಲು ಆ ಮೂರು ಸ್ಥಾನ ತುಂಬಿ. ಮೂವರಲ್ಲಿ ಒಬ್ಬರಾದರೂ ಆ ನಾಲ್ಕು ಮನೆಗಳ ಹೊರಗಿನವರಾಗಿರಲಿ, ದಿನಗೂಲಿಯ ಮನೆಯಲ್ಲಿ ಬೆಳೆದ ಹೆಣ್ಣುಮಗಳಾಗಿರಲಿ. ಅಂಥವರು ಸಿಗಲಿಲ್ಲ ಎನ್ನುವುದಾದರೆ ಎಲ್ಲೆಲ್ಲಿ ಹುಡುಕಿದಿರಿ, ಯಾರನ್ನು ಯಾವ ಕಾರಣಕ್ಕೆ ಬಿಟ್ಟಿರಿ ಎಂಬುದನ್ನು ಬಹಿರಂಗವಾಗಿ ಹೇಳಿ. ಕಾಲುಮಣೆ ಇಟ್ಟದ್ದಕ್ಕೆ ನನ್ನಿಂದ ಕಾರಣ ಕೇಳಿದ ಸಂಸ್ಥೆ, ತಾನೂ ಒಮ್ಮೆ ಕಾರಣ ಕೊಡಲಿ.

ಅಂದಹಾಗೆ, ಆ ಮಣೆ ಇನ್ನೂ ಇದೆ. ಮೇಡಂ ನಿವೃತ್ತರಾದ ಮೇಲೆ ಯಾರಿಗೂ ಬೇಕಾಗದೆ ಉಗ್ರಾಣ ಸೇರಿತು. ಬಲ್ಬು ಬದಲಿಸುವವರು ಹತ್ತಿ ನಿಲ್ಲುತ್ತಾರೆ, ಮೇಲೆಲ್ಲ ಬೂಟಿನ ಗುರುತು. ತಾವು ತರುವವರಿಗೆ ಅದು ಬೇಕಾಗಲಿ ಎಂದು ಹಾರೈಸುತ್ತೇನೆ. ಬೇಕಾದ ದಿನ ಹೇಳಿ ಕಳಿಸಿ, ನಾನೇ ಬಂದು ಒರೆಸಿ ಮೇಜಿನ ಕೆಳಗೆ ಇಟ್ಟು ಹೋಗುತ್ತೇನೆ. ಅಂದು ಸೊಸೆಯನ್ನೂ ಕರೆತರುತ್ತೇನೆ. ಯಾಕೆ ಬರಬೇಕು ಎಂದು ಅವಳು ಕೇಳಿದರೆ, ಮೇಜಿನ ಕೆಳಗೆ ಬಗ್ಗಿ ನೋಡಮ್ಮ ಎನ್ನುತ್ತೇನೆ.

ಇಂತಿ,
ತಮ್ಮವರ ಬೆನ್ನು ನೋಡುತ್ತಲೇ ಮುದುಕನಾದ,
ಈಗ ಕೂರುವುದನ್ನು ಅಭ್ಯಾಸ ಮಾಡುತ್ತಿರುವ
ಒಬ್ಬ ನಿವೃತ್ತ ಜವಾನ